ಇಂಗ್ಲಿಷ್ ವಾಕ್ಯದ ತೂಕ ಎಲ್ಲಿ ಬೀಳುತ್ತದೆ?

ಮೊದಲು ಈ ಎರಡು ವಾಕ್ಯಗಳನ್ನು ಓದಿ. ಸಾಧ್ಯವಾದರೆ ಜೋರಾಗಿಯೇ ಓದಿ.

"ನೋ ವಾಟರ್ ಹ್ಯಾಸ್ ಕಮ್ ಟು ಅವರ್ ಸ್ಟ್ರೀಟ್ ಫಾರ್ ನೈನ್ ಡೇಸ್, ದೋ ವಿ ಹ್ಯಾವ್ ಕಂಪ್ಲೇಂಡ್ ತ್ರೀ ಟೈಮ್ಸ್."

"ದೋ ವಿ ಹ್ಯಾವ್ ಕಂಪ್ಲೇಂಡ್ ತ್ರೀ ಟೈಮ್ಸ್, ಫಾರ್ ನೈನ್ ಡೇಸ್ ನೋ ವಾಟರ್ ಹ್ಯಾಸ್ ಕಮ್ ಟು ಅವರ್ ಸ್ಟ್ರೀಟ್."

ನೀರಿನ ಆಫೀಸಿಗೆ ಬರೆದ ದೂರಿನ ಒಂದು ಸಾಲು ಅಂದುಕೊಳ್ಳಿ. ಎರಡರಲ್ಲೂ ಪದಗಳು ಅವೇ. ವ್ಯಾಕರಣವೂ ಸರಿ. ಪರೀಕ್ಷೆಯಲ್ಲಿ ಎರಡಕ್ಕೂ 'ಕಾಂಪ್ಲೆಕ್ಸ್ ಸೆಂಟೆನ್ಸ್' ಅಂತ ಬರೆದರೆ ಅಂಕ ಸಿಗುತ್ತದೆ. ಆದರೆ ಓದಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿಯುವುದು ಬೇರೆ ಬೇರೆ. ಮೊದಲನೆಯದು ಮೂರು ಸಲ ಕೊಟ್ಟ ದೂರಿನ ಮೇಲೆ ಮುಗಿಯುತ್ತದೆ, ಹಾಗಾಗಿ ಅದರಲ್ಲಿ ಆಫೀಸಿನವರ ಮೇಲಿನ ಸಿಟ್ಟು ಕೇಳಿಸುತ್ತದೆ. ಎರಡನೆಯದು ನೀರಿಲ್ಲದ ಬೀದಿಯ ಮೇಲೆ ಮುಗಿಯುತ್ತದೆ, ಅಲ್ಲಿ ಕೇಳಿಸುವುದು ಬೀದಿಯವರ ಕಷ್ಟ.

ಶಾಲೆಯಲ್ಲಿ ನಾವು ಹೆಸರುಗಳನ್ನು ಕಲಿಯುತ್ತೇವೆ. ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಆಮೇಲೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್. ಗುರುತಿಸಿ, ಬರೆದು, ಅಂಕ ತೆಗೆದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತೇವೆ. ಇವು ಇರುವುದಾದರೂ ಯಾಕೆ ಅನ್ನುವ ಮಾತು ಬರುವುದೇ ಕಡಿಮೆ. ನನಗೆ ಕಂಡಂತೆ ಇವೆಲ್ಲ ಓದುವವರ ಗಮನ ಎಲ್ಲಿ ನಿಲ್ಲಬೇಕು ಅಂತ ಬರೆಯುವವರು ಗೊತ್ತು ಮಾಡುವ ದಾರಿಗಳು. ಅದರಲ್ಲೂ ಇಂಗ್ಲಿಷ್‌ನಲ್ಲಿ ವಾಕ್ಯದ ಕೊನೆಗೆ ಬಂದ ಮಾತಿಗೆ ತೂಕ ಜಾಸ್ತಿ. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಗ್ರೀಕ್ ಹೆಸರಿನ ಅಲಂಕಾರಗಳೂ ಹೆದರಿಸುವುದಿಲ್ಲ.

ವಾಕ್ಯದ ವಿಧಗಳನ್ನು ಬೇಗ ನೋಡಿಬಿಡೋಣ. ಒಂದೇ ಮುಖ್ಯ ಮಾತು ಇದ್ದರೆ ಸಿಂಪಲ್, ನಮ್ಮ ಕನ್ನಡ ವ್ಯಾಕರಣದ ಸಾಮಾನ್ಯ ವಾಕ್ಯ. ತಮ್ಮ ಕಾಲ ಮೇಲೆ ತಾವೇ ನಿಲ್ಲಬಲ್ಲ ಎರಡು ಮಾತುಗಳನ್ನು 'ಅಂಡ್', 'ಬಟ್', 'ಆರ್' ಸೇರಿಸಿ ಜೋಡಿಸಿದರೆ ಕಾಂಪೌಂಡ್, ಅಂದರೆ ಸಂಯೋಜಿತ ವಾಕ್ಯ. ಒಂದು ಮಾತು ಇನ್ನೊಂದನ್ನು ಆತುಕೊಂಡಿದ್ದರೆ, ಅಂದರೆ 'ಬಿಕಾಸ್', 'ದೋ', 'ವೆನ್', 'ಇಫ್' ಹೊತ್ತುಕೊಂಡು ಬಂದು ಒಂಟಿಯಾಗಿ ನಿಲ್ಲಲಾರದೆ ಇದ್ದರೆ, ಅದು ಕಾಂಪ್ಲೆಕ್ಸ್, ಮಿಶ್ರ ವಾಕ್ಯ. ಎರಡೂ ಕೂಡಿದ್ದು ಕಾಂಪೌಂಡ್-ಕಾಂಪ್ಲೆಕ್ಸ್.

ಕೊನೆಯದಕ್ಕೆ ನಮಗೆಲ್ಲ ಗೊತ್ತಿರುವ ಉದಾಹರಣೆಯೇ ಇದೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ನೆಹರೂ ಮಾತು ಶುರು ಮಾಡಿದ್ದು ಹೀಗೆ: "ಲಾಂಗ್ ಇಯರ್ಸ್ ಅಗೋ ವಿ ಮೇಡ್ ಎ ಟ್ರಿಸ್ಟ್ ವಿತ್ ಡೆಸ್ಟಿನಿ, ಅಂಡ್ ನೌ ದಿ ಟೈಮ್ ಕಮ್ಸ್ ವೆನ್ ವಿ ಶಲ್ ರಿಡೀಮ್ ಅವರ್ ಪ್ಲೆಡ್ಜ್..." ಬಹಳ ವರ್ಷದ ಹಿಂದೆ ವಿಧಿಗೆ ಮಾತು ಕೊಟ್ಟಿದ್ದೆವು ಅನ್ನುವುದು ಒಂದು ಮುಖ್ಯ ಮಾತು. ಈಗ ಸಮಯ ಬಂದಿದೆ ಅನ್ನುವುದು ಇನ್ನೊಂದು. 'ಅಂಡ್' ಅವೆರಡನ್ನೂ ಸರಿಸಮ ಮಾಡಿ ಜೋಡಿಸಿದೆ. ಆ ಮಾತನ್ನು ಉಳಿಸಿಕೊಳ್ಳುವುದು 'ವೆನ್' ಹಿಂದೆ ಬಂದ ಅಧೀನ ಮಾತು. ಹಳೆಯ ಕಾಲ, ಇವತ್ತು, ಮಾಡಬೇಕಾದ ಕೆಲಸ, ಮೂರೂ ಒಂದೇ ವಾಕ್ಯದಲ್ಲಿ ಬಂದವು.

ಈ ವಿಧಗಳಿಂದ ನಿಜವಾದ ಉಪಯೋಗ ಏನಪ್ಪಾ ಅಂದರೆ, ಯಾವ ಮಾತು ದೊಡ್ಡದು, ಯಾವುದು ಚಿಕ್ಕದು ಅಂತ ಇವು ಹೇಳುತ್ತವೆ. "ದಿ ಬಸ್ ವಾಸ್ ಲೇಟ್ ಅಂಡ್ ಐ ಮಿಸ್ಡ್ ದಿ ಇಂಟರ್ವ್ಯೂ" ಅಂದರೆ ಎರಡೂ ಘಟನೆ ಪಕ್ಕಪಕ್ಕ ನಿಂತಿವೆ, ಸಂಬಂಧ ಏನು ಅಂತ ಓದುವವರೇ ಊಹಿಸಬೇಕು. "ಬಿಕಾಸ್ ದಿ ಬಸ್ ವಾಸ್ ಲೇಟ್, ಐ ಮಿಸ್ಡ್ ದಿ ಇಂಟರ್ವ್ಯೂ" ಅಂದ ಕೂಡಲೇ ಬಸ್ಸು ಬರೀ ಕಾರಣವಾಗಿ ಹಿಂದೆ ಸರಿಯಿತು, ಇಂಟರ್ವ್ಯೂ ತಪ್ಪಿದ್ದು ಮುಂದೆ ಬಂತು. ಎಲ್ಲದಕ್ಕೂ 'ಅಂಡ್' ಹಾಕಿ ಬರೆಯುತ್ತಾ ಹೋದರೆ ಎಲ್ಲ ಮಾತಿಗೂ ಒಂದೇ ಬೆಲೆ, ಅಂದರೆ ಯಾವುದಕ್ಕೂ ಬೆಲೆ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ. ಕನ್ನಡದವರಿಗೆ ಇಂಗ್ಲಿಷ್ ವಾಕ್ಯ ಕೈಗೆ ಸಿಗದೆ ಜಾರುವುದೂ ಇಲ್ಲೇ, ಹಾಗೆಯೇ ನಮಗೆ ಒಂದು ಅನುಕೂಲ ಇರುವುದೂ ಇಲ್ಲೇ.

1863ರ ನವೆಂಬರ್ 19. ಅಮೆರಿಕದ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್. ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮರ್ಪಣೆ. ಎಡ್ವರ್ಡ್ ಎವರೆಟ್ ಅನ್ನುವ ಹೆಸರಾಂತ ಭಾಷಣಕಾರ ಸುಮಾರು ಎರಡು ಗಂಟೆ ಮಾತಾಡಿದ. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಮಾತಾಡಿದ್ದು ಹತ್ತೇ ವಾಕ್ಯ, ಸುಮಾರು 270 ಪದ, ಎರಡು ಮೂರು ನಿಮಿಷ. ನಾನು ಎರಡು ಗಂಟೆಯಲ್ಲಿ ಮುಟ್ಟಲಾಗದ ವಿಷಯದ ತಿರುಳನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಅನ್ನುವ ಅರ್ಥದಲ್ಲಿ ಎವರೆಟ್ ಮರುದಿನವೇ ಲಿಂಕನ್‌ಗೆ ಪತ್ರ ಬರೆದ. ಆ ಭಾಷಣದ ಮೊದಲ ವಾಕ್ಯ ಇದು:

"ಫೋರ್ ಸ್ಕೋರ್ ಅಂಡ್ ಸೆವೆನ್ ಇಯರ್ಸ್ ಅಗೋ ಅವರ್ ಫಾದರ್ಸ್ ಬ್ರಾಟ್ ಫೋರ್ತ್ ಆನ್ ದಿಸ್ ಕಾಂಟಿನೆಂಟ್, ಎ ನ್ಯೂ ನೇಷನ್, ಕನ್ಸೀವ್ಡ್ ಇನ್ ಲಿಬರ್ಟಿ, ಅಂಡ್ ಡೆಡಿಕೇಟೆಡ್ ಟು ದಿ ಪ್ರಪೊಸಿಷನ್ ದಟ್ ಆಲ್ ಮೆನ್ ಆರ್ ಕ್ರಿಯೇಟೆಡ್ ಈಕ್ವಲ್."

ಮೂವತ್ತು ಪದ. 'ಎ ನ್ಯೂ ನೇಷನ್' ಅನ್ನುವಲ್ಲಿಗೆ ಮುಖ್ಯ ಮಾತು ಮುಗಿಯಿತು, ಅಲ್ಲೇ ಪೂರ್ಣವಿರಾಮ ಹಾಕಬಹುದಿತ್ತು. ಲಿಂಕನ್ ಹಾಕಲಿಲ್ಲ. ಎಂಥ ದೇಶ? ಸ್ವಾತಂತ್ರ್ಯದಲ್ಲಿ ಹುಟ್ಟಿದ್ದು. ಇನ್ನು? ಎಲ್ಲರೂ ಸಮಾನರು ಅನ್ನುವ ಮಾತಿಗೆ ಮುಡಿಪಾದದ್ದು. ಹೀಗೆ ಮುಖ್ಯ ಮಾತನ್ನು ಮೊದಲು ಹೇಳಿ, ಅದರ ಹಿಂದೆ ವಿವರಗಳನ್ನು ಪೋಣಿಸುತ್ತಾ ಹೋಗುವುದಕ್ಕೆ ಕ್ಯುಮ್ಯುಲೇಟಿವ್ ಅಥವಾ ಲೂಸ್ ಸೆಂಟೆನ್ಸ್ ಅನ್ನುತ್ತಾರೆ. ರೈಲಿನ ಹಾಗೆ: ಎಂಜಿನ್ ಮುಂದಿದೆ, ಬೋಗಿಗಳು ಹಿಂದೆ ಒಂದೊಂದಾಗಿ ಸೇರಿಕೊಳ್ಳುತ್ತವೆ.

ಈಗ ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. 'ಎಂಬತ್ತೇಳು ವರ್ಷಗಳ ಹಿಂದೆ ನಮ್ಮ ಹಿರಿಯರು, ಸ್ವಾತಂತ್ರ್ಯದಲ್ಲಿ ಮೂಡಿದ, ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅನ್ನುವ ಮಾತಿಗೆ ಮುಡಿಪಾದ ಹೊಸ ದೇಶವೊಂದನ್ನು ಈ ಖಂಡದಲ್ಲಿ ಕಟ್ಟಿದರು.' ಅರ್ಥ ಪೂರ್ತಿ ಬಂತು. ಆದರೆ ವಾಕ್ಯ 'ಕಟ್ಟಿದರು' ಅಂತ ಮುಗಿಯಿತು. ಇಂಗ್ಲಿಷ್‌ನಲ್ಲಿ ಮುಗಿದದ್ದು 'ಈಕ್ವಲ್' ಅನ್ನುವಲ್ಲಿ. ಗುಲಾಮಗಿರಿಯ ಪ್ರಶ್ನೆಗೆ ದೇಶ ಎರಡಾಗಿ ಹೊಡೆದಾಡುತ್ತಿದ್ದ ಹೊತ್ತಿನಲ್ಲಿ, ಹೊಸ ಗೋರಿಗಳ ಮುಂದೆ ನಿಂತು, ಮೊದಲ ವಾಕ್ಯವನ್ನು ಸಮಾನತೆಯ ಮೇಲೆ ನಿಲ್ಲಿಸುವುದು ಸುಮ್ನೆ ಆದದ್ದಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿವರ, ಕಾರಣ, ಷರತ್ತು ಎಲ್ಲ ಮೊದಲೇ ಬಂದು ಕೂತಿರುತ್ತವೆ. ಹಾಗಾಗಿ ಓದುವವರನ್ನು ಕೊನೆಯವರೆಗೆ ಕಾಯಿಸುವ ವಾಕ್ಯ ನಮಗೆ ಹುಟ್ಟಿನಿಂದಲೇ ಬಂದಿದೆ, ಅದಕ್ಕೆ ಬೇರೆ ಹೆಸರು ಬೇಕು ಅಂತಲೂ ನಮಗೆ ಅನ್ನಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ಅದು ಬರೆಯುವವರು ಬೇಕೆಂದೇ ಮಾಡುವ ಕೆಲಸ, ಅದರ ಹೆಸರು ಪೀರಿಯಾಡಿಕ್ ಸೆಂಟೆನ್ಸ್. ಮುಖ್ಯ ಮಾತನ್ನು ಹಿಡಿದಿಟ್ಟುಕೊಂಡು ಪೂರ್ಣವಿರಾಮದ ಹತ್ತಿರ ಬಂದಾಗಷ್ಟೇ ಬಿಡುವುದು. ನೆಹರೂ ಭಾಷಣದಲ್ಲೇ ಇದರ ಚಿಕ್ಕ ರೂಪ ಇದೆ: "ಅಟ್ ದಿ ಸ್ಟ್ರೋಕ್ ಆಫ್ ದಿ ಮಿಡ್‌ನೈಟ್ ಅವರ್, ವೆನ್ ದಿ ವರ್ಲ್ಡ್ ಸ್ಲೀಪ್ಸ್, ಇಂಡಿಯಾ ವಿಲ್ ಅವೇಕ್ ಟು ಲೈಫ್ ಅಂಡ್ ಫ್ರೀಡಮ್." ಹೊತ್ತು ಯಾವುದು, ಲೋಕ ಏನು ಮಾಡುತ್ತಿದೆ, ಇದೆಲ್ಲ ಆದ ಮೇಲೆ ಇಂಡಿಯಾ ಬರುತ್ತದೆ. ಕೊನೆಯ ಪದ ಫ್ರೀಡಮ್.

ದೊಡ್ಡ ರೂಪ ನೋಡಬೇಕಾದರೆ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಜೈಲಿಗೆ ಹೋಗಬೇಕು. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಅಲ್ಲಿ ಬಂಧನದಲ್ಲಿದ್ದರು. ಎಂಟು ಜನ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟರು: ಬೀದಿಗಿಳಿದು ಪ್ರತಿಭಟಿಸುವುದು ಈಗ ಬೇಡ, ಇದು ಸರಿಯಾದ ಸಮಯ ಅಲ್ಲ. ಕಿಂಗ್ ಉತ್ತರವನ್ನು ಮೊದಲು ಆ ಪತ್ರಿಕೆಯ ಅಂಚಿನಲ್ಲೇ ಬರೆಯತೊಡಗಿದರು. ಏಪ್ರಿಲ್ 16ರ ತಾರೀಖು ಹೊತ್ತ ಆ ಪತ್ರದ ಮಧ್ಯದಲ್ಲಿ ಒಂದು ವಾಕ್ಯ ಇದೆ. ಅದರ ಉದ್ದ ಸುಮಾರು 300 ಪದ.

ಬೇಧಭಾವದ ಚುಚ್ಚು ತಾಗದವರಿಗೆ 'ವೇಟ್' ಅಂತ ಹೇಳುವುದು ಸುಲಭ ಇರಬಹುದು ಅಂತ ಹೇಳಿ ಆ ವಾಕ್ಯಕ್ಕೆ ಇಳಿಯುತ್ತಾರೆ. 'ಬಟ್ ವೆನ್ ಯು' ಅಂತ ಶುರು. ಗುಂಪುಗಳು ನಿಮ್ಮ ತಂದೆ ತಾಯಿಯರನ್ನು ಕೊಂದದ್ದನ್ನು ನೀವು ನೋಡಿದ್ದರೆ. ಆಮೇಲೆ ಅರ್ಧವಿರಾಮ, ಮತ್ತೆ 'ವೆನ್ ಯು'. ಟಿವಿಯಲ್ಲಿ ಜಾಹೀರಾತು ಬಂದ ಆಟದ ಪಾರ್ಕಿಗೆ ಯಾಕೆ ಹೋಗುವಂತಿಲ್ಲ ಅಂತ ಆರು ವರ್ಷದ ಮಗಳಿಗೆ ವಿವರಿಸಲು ಹೋಗಿ ನಿಮ್ಮ ನಾಲಿಗೆ ತೊದಲಿದರೆ. ಮತ್ತೆ 'ವೆನ್ ಯು'. ಬಿಳಿಯರು ಯಾಕಪ್ಪಾ ನಮ್ಮ ಜೊತೆ ಹೀಗೆ ನಡೆದುಕೊಳ್ಳುತ್ತಾರೆ ಅಂತ ಕೇಳುವ ಐದು ವರ್ಷದ ಮಗನಿಗೆ ಉತ್ತರ ಹೊಂದಿಸಬೇಕಾಗಿ ಬಂದರೆ. ದೂರ ಪ್ರಯಾಣದಲ್ಲಿ ಯಾವ ಮೋಟೆಲ್ಲೂ ಒಳಗೆ ಬಿಡದೆ ರಾತ್ರಿಗಟ್ಟಲೆ ಕಾರಿನಲ್ಲೇ ಮುದುಡಿ ಮಲಗಬೇಕಾದರೆ. ಹೆಂಡತಿಗೂ ತಾಯಿಗೂ 'ಮಿಸೆಸ್' ಅನ್ನುವ ಗೌರವದ ಪದ ಯಾವತ್ತೂ ಸಿಗದೆ ಇದ್ದರೆ. ಅಧೀನ ಮಾತು ಒಂದರ ಮೇಲೊಂದು ಬರುತ್ತಲೇ ಇರುತ್ತದೆ, ಮುಖ್ಯ ಮಾತು ಬರುವುದೇ ಇಲ್ಲ. ಓದುವವರ ಉಸಿರು ಕಟ್ಟುತ್ತದೆ, ಸಾಕು ಮುಗಿಸಿ ಅನ್ನಿಸುತ್ತದೆ. ಆಗ ಅದು ಬರುತ್ತದೆ:

"ದೆನ್ ಯು ವಿಲ್ ಅಂಡರ್‌ಸ್ಟ್ಯಾಂಡ್ ವೈ ವಿ ಫೈಂಡ್ ಇಟ್ ಡಿಫಿಕಲ್ಟ್ ಟು ವೇಟ್."

ಕಾಯಿರಿ ಅಂದವರನ್ನು ವ್ಯಾಕರಣದಲ್ಲೇ ಕಾಯಿಸಿದರು. ಕಾಯುವುದು ಎಷ್ಟು ಕಷ್ಟ ಅನ್ನುವುದಕ್ಕೆ ವಾದ ಮಾಡುವ ಅಗತ್ಯವೇ ಬೀಳಲಿಲ್ಲ, ಓದುವವರು ಅದನ್ನು ಆಗಲೇ ಅನುಭವಿಸಿಯಾಗಿತ್ತು. ಇಂಗ್ಲಿಷ್ ಗದ್ಯದಲ್ಲಿ ಪೀರಿಯಾಡಿಕ್ ವಾಕ್ಯಕ್ಕೆ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಗೊತ್ತಿಲ್ಲ. ಇದನ್ನು ಮುರಿದು ಹತ್ತು ಚಿಕ್ಕ ವಾಕ್ಯ ಮಾಡಿ ನೋಡಿ. ಸಂಗತಿಗಳು ಅಷ್ಟೂ ಉಳಿಯುತ್ತವೆ, ಆ ಕಾಯುವಿಕೆ ಹೋಗಿಬಿಡುತ್ತದೆ. 'ಚಿಕ್ಕ ವಾಕ್ಯವೇ ಒಳ್ಳೆಯ ವಾಕ್ಯ' ಅಂತ ಎಲ್ಲರೂ ಹೇಳಿಕೊಡುವ ಕಾಲ ಇದು, ಬಹಳ ಕಡೆ ಅದು ಸರಿಯೂ ಹೌದು, ಆದರೆ ಯಾವ ವಾಕ್ಯ ಯಾಕೆ ಉದ್ದ ಇದೆ ಅಂತ ನೋಡದೆ ಕತ್ತರಿ ಹಾಕುವವರ ಕೈಗೆ ಇದು ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಆ ವಾಕ್ಯದಲ್ಲಿ 'ವೆನ್ ಯು' ಮತ್ತೆ ಮತ್ತೆ ಬಂತಲ್ವಾ? ಅದೇ ಅನಾಫೊರಾ. ಸಾಲುಸಾಲಾದ ಮಾತುಗಳ ಶುರುವಿನಲ್ಲಿ ಒಂದೇ ಪದ ತಿರುಗಿ ಬರುವುದು. ಅದೇ ಪದ ಕೊನೆಯಲ್ಲಿ ತಿರುಗಿ ಬಂದರೆ ಎಪಿಸ್ಟ್ರಫಿ. ಬರೀ ಪುನರಾವರ್ತನೆ ಅಂತ ಇವನ್ನು ನೋಡಿದರೆ ಏನೂ ಸಿಗುವುದಿಲ್ಲ. ಒಂದು ಭಾಗವನ್ನು ಅಲುಗದಂತೆ ನಿಲ್ಲಿಸಿದರೆ, ಬದಲಾಗುವ ಭಾಗ ಎದ್ದು ಕಾಣುತ್ತದೆ. ನೋಡಬೇಕಾದದ್ದು ಆ ಬದಲಾಗುವ ಭಾಗವನ್ನು.

1940ರ ಜೂನ್ 4ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚಿಲ್ ಆಡಿದ ಮಾತು ಎಲ್ಲರಿಗೂ ಗೊತ್ತು. "ವಿ ಶಲ್ ಫೈಟ್ ಆನ್ ದಿ ಬೀಚಸ್, ವಿ ಶಲ್ ಫೈಟ್ ಆನ್ ದಿ ಲ್ಯಾಂಡಿಂಗ್ ಗ್ರೌಂಡ್ಸ್, ವಿ ಶಲ್ ಫೈಟ್ ಇನ್ ದಿ ಫೀಲ್ಡ್ಸ್ ಅಂಡ್ ಇನ್ ದಿ ಸ್ಟ್ರೀಟ್ಸ್, ವಿ ಶಲ್ ಫೈಟ್ ಇನ್ ದಿ ಹಿಲ್ಸ್." ಜರ್ಮನ್ ಸೇನೆ ಸುತ್ತುವರಿದಿದ್ದ ಫ್ರಾನ್ಸಿನ ಕಡಲತಡಿಯ ಡನ್‌ಕರ್ಕ್‌ನಿಂದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಹಡಗು ದೋಣಿಗಳಲ್ಲಿ ಆಗಷ್ಟೇ ಕರೆತಂದಿದ್ದರು. 'ವಿ ಶಲ್ ಫೈಟ್' ಎಲ್ಲ ಕಡೆ ಅದೇ. ಬದಲಾಗುವುದು ಜಾಗ. ಇದಕ್ಕೆ ಮೊದಲು ಫ್ರಾನ್ಸ್, ಸಮುದ್ರ, ಆಕಾಶ ಬಂದಾಗಿದೆ. ಈಗ ಕಡಲ ತೀರ, ಶತ್ರು ಇಳಿಯುವ ಬಯಲು, ಹೊಲ, ಬೀದಿ, ಕೊನೆಗೆ ಗುಡ್ಡ. ಆ ಜಾಗಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿ, ಶತ್ರು ಹೆಜ್ಜೆ ಹೆಜ್ಜೆಯಾಗಿ ಒಳಗೆ ಬರುತ್ತಿದ್ದಾನೆ. ನಾವು ಹಿಂದೆ ಸರಿಯಬೇಕಾದೀತು ಅನ್ನುವ ಭಯಂಕರ ಸುದ್ದಿಯನ್ನೇ ಚರ್ಚಿಲ್ ಹೇಳುತ್ತಿದ್ದಾರೆ, ಆದರೆ ಪ್ರತಿ ಹೆಜ್ಜೆಯ ಮುಂದೆಯೂ ಹೋರಾಟದ ಮಾತು ಕದಲದೆ ನಿಂತಿದೆ. ಮಧ್ಯೆ 'ಅಂಡ್' ಹಾಕದೆ ಬರೀ ಅಲ್ಪವಿರಾಮದಲ್ಲಿ ಜೋಡಿಸಿದ್ದಕ್ಕೆ ಅಸಿಂಡಿಟನ್ ಅನ್ನುವ ಹೆಸರು. 'ಅಂಡ್' ಬಂದರೆ ಪಟ್ಟಿ ಮುಗಿಯಿತು ಅಂತ ಕಿವಿಗೆ ಗೊತ್ತಾಗುತ್ತದೆ, ಬಾರದಿದ್ದರೆ ಇನ್ನೂ ಇದೆ ಅನ್ನಿಸುತ್ತದೆ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ಈ ಮಾತನ್ನು ಕನ್ನಡಕ್ಕೆ ತಂದರೆ 'ಕಡಲ ತೀರದಲ್ಲಿ ಹೋರಾಡುತ್ತೇವೆ, ಹೊಲಗಳಲ್ಲಿ ಹೋರಾಡುತ್ತೇವೆ, ಗುಡ್ಡಗಳಲ್ಲಿ ಹೋರಾಡುತ್ತೇವೆ' ಅಂತ ಆಗುತ್ತದೆ. ಅನಾಫೊರಾ ಹೋಗಿ ಎಪಿಸ್ಟ್ರಫಿ ಬಂತು. ಲಿಂಕನ್ ಭಾಷಣದ ಕೊನೆಯ 'ಆಫ್ ದಿ ಪೀಪಲ್, ಬೈ ದಿ ಪೀಪಲ್, ಫಾರ್ ದಿ ಪೀಪಲ್' ತೆಗೆದುಕೊಳ್ಳಿ. ಇಂಗ್ಲಿಷ್‌ನಲ್ಲಿ 'ಪೀಪಲ್' ಕೊನೆಗೆ ಬರುವುದರಿಂದ ಅದು ಎಪಿಸ್ಟ್ರಫಿ. ನಮ್ಮಲ್ಲಿ ವಿಭಕ್ತಿ ಪದದ ಹಿಂದೆ ಅಂಟುತ್ತದೆ: ಜನರ, ಜನರಿಂದ, ಜನರಿಗಾಗಿ. ಅದು ಅನಾಫೊರಾ ಆಯಿತು! ಎರಡೂ ಭಾಷೆ ಒಂದೇ ಕೆಲಸವನ್ನು ಎದುರುಬದುರು ತುದಿಗಳಿಂದ ಮಾಡುತ್ತವೆ.

ಹೀಗಾಗಿ ಕೊನೆಯ ಪದ ತಿರುಗಿ ಬರುವ ನಾದ ಕನ್ನಡದ ಕಿವಿಗೆ ಹೊಸದೇನಲ್ಲ. ಬಸವಣ್ಣನವರ ವಚನ ನೆನಪು ಮಾಡಿಕೊಳ್ಳಿ. 'ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ...' ಏಳು 'ಬೇಡ' ಸಾಲಾಗಿ ಬರುತ್ತವೆ, ಎಲ್ಲವೂ ತುದಿಯಲ್ಲಿ. ಆಮೇಲೆ ಇದ್ದಕ್ಕಿದ್ದಂತೆ ತಿರುವು: 'ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ, ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ.' ತಿರುಗಿ ಬರುವ ಪದ ಈಗ ಶುರುವಿಗೆ ಬಂತು. ನಿಷೇಧಗಳೆಲ್ಲ ಒಂದು ಲಯದಲ್ಲಿ, ಫಲ ಇನ್ನೊಂದು ಲಯದಲ್ಲಿ. ಮೂರು 'ಇದೇ'ಗಳಲ್ಲಿ ಮೂರನೆಯದು ಉದ್ದ, ಅದನ್ನೂ ಗಮನಿಸಿ. ಮೂರು ಮಾತು ಸೇರಿಸಿ ಕಟ್ಟುವುದಕ್ಕೆ ಇಂಗ್ಲಿಷ್‌ನವರು ಟ್ರೈಕೋಲನ್ ಅನ್ನುತ್ತಾರೆ, ಮೂರನೆಯದು ಉದ್ದವಾಗಿದ್ದರೆ ಹೆಚ್ಚು ಕೂರುತ್ತದೆ ಅಂತ ಅವರಲ್ಲೂ ಹೇಳುತ್ತಾರೆ. ನೆಹರೂ ಭಾಷಣದಲ್ಲಿ ಮೂರು 'ವೆನ್' ಬರುವ ವಾಕ್ಯವೂ ಹಾಗೆಯೇ ಇದೆ: ಹಳೆಯದರಿಂದ ಹೊಸದಕ್ಕೆ ಹೆಜ್ಜೆ ಇಡುವಾಗ, ಒಂದು ಯುಗ ಮುಗಿಯುವಾಗ, ಬಹುಕಾಲ ಅದುಮಿಟ್ಟ ದೇಶದ ಆತ್ಮಕ್ಕೆ ದನಿ ಸಿಗುವಾಗ.

ಇನ್ನು ಆಂಟಿಥಿಸಿಸ್ ಮತ್ತು ಕಯಾಸ್ಮಸ್. ಎರಡು ವಿರುದ್ಧ ಮಾತನ್ನು ಒಂದೇ ಅಚ್ಚಿನಲ್ಲಿ ಎದುರುಬದುರು ನಿಲ್ಲಿಸಿದರೆ ಆಂಟಿಥಿಸಿಸ್. ನಾವಿಲ್ಲಿ ಹೇಳಿದ್ದನ್ನು ಲೋಕ ನೆನಪಿಡುವುದಿಲ್ಲ, ಅವರಿಲ್ಲಿ ಮಾಡಿದ್ದನ್ನು ಮರೆಯಲಾರದು ಅಂತ ಲಿಂಕನ್ ಹೇಳುವಾಗ ಹೇಳುವುದಕ್ಕೂ ಮಾಡುವುದಕ್ಕೂ ಮುಖಾಮುಖಿ. ಅದನ್ನೇ ಅಡ್ಡ ತಿರುಗಿಸಿ, ಮೊದಲು ಬಂದದ್ದು ಕೊನೆಗೆ, ಕೊನೆಗೆ ಬಂದದ್ದು ಮೊದಲಿಗೆ ಬರುವಂತೆ ಮಾಡಿದರೆ ಕಯಾಸ್ಮಸ್. 1961ರ ಜನವರಿ 20ರಂದು ಕೆನಡಿ ಅಧ್ಯಕ್ಷರಾದ ದಿನ ಹೇಳಿದ್ದು: "ಆಸ್ಕ್ ನಾಟ್ ವಾಟ್ ಯುವರ್ ಕಂಟ್ರಿ ಕ್ಯಾನ್ ಡು ಫಾರ್ ಯು, ಆಸ್ಕ್ ವಾಟ್ ಯು ಕ್ಯಾನ್ ಡು ಫಾರ್ ಯುವರ್ ಕಂಟ್ರಿ." ಕಂಟ್ರಿ, ಯು, ಯು, ಕಂಟ್ರಿ. ಮೊದಲ ಅರ್ಧದ ಕೊನೆಯಲ್ಲಿ 'ನೀವು' ಇದ್ದೀರಿ, ಪಡೆಯುವವರಾಗಿ. ಎರಡನೆಯ ಅರ್ಧದ ಕೊನೆಗೆ ದೇಶ ಬಂದು ಕೂತಿದೆ. ತೂಕದ ಜಾಗಕ್ಕೆ ಯಾರು ಬಂದರು ನೋಡಿ, ಇಡೀ ವಾದ ಅಷ್ಟರಲ್ಲೇ ಇದೆ. ಅರ್ಥ ತಿರುಗದೆ ಬರೀ ಪದಗಳನ್ನು ತಿರುಗಿಸಿ ಬರೆದ ಕಯಾಸ್ಮಸ್ ಮಾತ್ರ ಕಿವಿಗೆ ಟೊಳ್ಳಾಗಿ ಕೇಳುತ್ತದೆ, ಜಾಹೀರಾತುಗಳಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ.

ನಾವು ದಿನಾ ಬರೆಯುವ ಇಂಗ್ಲಿಷ್‌ಗೆ, ಅಂದರೆ ಕೆಲಸದ ಅರ್ಜಿ, ಆಫೀಸ್ ಮೇಲ್, ಕಾಲೇಜಿನ ಪ್ರಬಂಧ ಇಂಥವಕ್ಕೆ, ಇಷ್ಟೆಲ್ಲ ಬೇಕಾ? ಅಲಂಕಾರ ಅಪರೂಪಕ್ಕೆ ಬೇಕು, ತೂಕದ ಲೆಕ್ಕ ಯಾವಾಗಲೂ ಬೇಕು. ಅರ್ಜಿಯಲ್ಲಿ ಎಲ್ಲರೂ 'ಹಾನೆಸ್ಟ್, ಹಾರ್ಡ್‌ವರ್ಕಿಂಗ್ ಅಂಡ್ ಸಿನ್ಸಿಯರ್' ಅಂತ ಮೂರು ಬರೆಯುತ್ತಾರೆ. ಟ್ರೈಕೋಲನ್ ಆಯಿತು, ಆದರೆ ಮೂರರಲ್ಲಿ ಯಾವುದೂ ಇನ್ನೊಂದಕ್ಕಿಂತ ಮುಂದೆ ಹೋಗಲಿಲ್ಲ, ಓದುವವರಿಗೆ ಏನೂ ಉಳಿಯಲಿಲ್ಲ. 'ಐ ರ‍್ಯಾನ್ ದಿ ಸ್ಟೋರ್ ಅಲೋನ್ ಫಾರ್ ಟೂ ಇಯರ್ಸ್' ಅನ್ನುವ ಒಂದು ಸಿಂಪಲ್ ಸೆಂಟೆನ್ಸ್ ಅದಕ್ಕಿಂತ ಎಷ್ಟೋ ಮೇಲು. ಕನ್ನಡದ ಕ್ರಮದಲ್ಲಿ ಯೋಚಿಸಿ ಬರೆಯುವಾಗ ಕಾರಣಗಳನ್ನೆಲ್ಲ ಮುಂದೆ ಪೇರಿಸಿ, ಕೇಳಬೇಕಾದ್ದನ್ನು ಕೊನೆಗೆ ಇಡುವ ಅಭ್ಯಾಸವೂ ನಮ್ಮಲ್ಲಿದೆ. ಮೇಲ್‌ನಲ್ಲಿ ಅದು ತೊಂದರೆ, ಯಾಕೆಂದರೆ ಅಲ್ಲಿ ಓದುವವರು ಕಾಯುವುದಿಲ್ಲ. ರಜೆ ಬೇಕಿದ್ದರೆ ರಜೆ ಬೇಕು ಅಂತ ಮೊದಲು ಬರೆದು, ಕಾರಣವನ್ನು ಹಿಂದೆ ಪೋಣಿಸಿ, ಲಿಂಕನ್ ಮೊದಲ ವಾಕ್ಯದ ಹಾಗೆ. ಮನವೊಲಿಸಬೇಕಾದ ಕಡೆ, ಕಷ್ಟ ಮನದಟ್ಟು ಮಾಡಬೇಕಾದ ಕಡೆ, ಕಾಯಿಸುವ ವಾಕ್ಯವನ್ನು ಬಳಸಿ. ಬರೆದದ್ದನ್ನು ಒಮ್ಮೆ ಜೋರಾಗಿ ಓದಿ, ಪ್ರತಿ ವಾಕ್ಯದ ಕೊನೆಯ ಎರಡು ಮೂರು ಪದಗಳಿಗೆ ಗೆರೆ ಎಳೆಯಿರಿ. ಅಲ್ಲಿ 'ಇನ್ ದಿಸ್ ರಿಗಾರ್ಡ್', 'ಆಸ್ ಪರ್ ದಿ ಅಬೋವ್' ಅಂಥವೇ ತುಂಬಿದ್ದರೆ ವಾಕ್ಯಗಳನ್ನು ತಿರುಗಿಸಬೇಕು ಅಂತಲೇ ಅರ್ಥ.

ಪುನರಾವರ್ತನೆಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಮತ್ತೆ ಚರ್ಚಿಲ್ ಹತ್ತಿರವೇ ಹೋಗಬೇಕು. 'ವಿ ಶಲ್ ನೆವರ್ ಸರೆಂಡರ್' ಅನ್ನುವಲ್ಲಿಗೆ ಆ ಭಾಷಣ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುಗಿದಿಲ್ಲ, ವಾಕ್ಯವೂ ಮುಗಿದಿಲ್ಲ. ಅಲ್ಲಿಂದ 'ಅಂಡ್ ಈವನ್ ಇಫ್' ಅಂತ ಮುಂದುವರಿಯುತ್ತದೆ. ಇಷ್ಟು ಹೊತ್ತು ಬರೀ ಸರಳ ಮಾತುಗಳನ್ನು ಸಾಲಾಗಿ ಬಡಿಯುತ್ತಿದ್ದವರು ಈಗ ಷರತ್ತು, ಅದರೊಳಗೆ 'ಹಾಗಾಗುತ್ತದೆ ಅಂತ ನಾನು ಒಂದು ಕ್ಷಣವೂ ನಂಬುವುದಿಲ್ಲ' ಅನ್ನುವ ಅಡ್ಡಮಾತು, ಆಮೇಲೆ 'ದೆನ್', ಆಮೇಲೆ 'ಅನ್‌ಟಿಲ್', ಹೀಗೆ ಸುತ್ತಿ ಸುತ್ತಿ ಹೋಗುವ ಕಾಂಪ್ಲೆಕ್ಸ್ ರಚನೆಗೆ ಬದಲಾಗುತ್ತಾರೆ. ಈ ದ್ವೀಪವೇ ಶತ್ರುವಿನ ಕೈ ಸೇರಿದರೂ ಕಡಲಾಚೆಯ ನಮ್ಮ ಸಾಮ್ರಾಜ್ಯ ಹೋರಾಟ ಮುಂದುವರಿಸುತ್ತದೆ, ದೇವರ ಚಿತ್ತದ ಒಳ್ಳೆಯ ಗಳಿಗೆಯಲ್ಲಿ 'ನ್ಯೂ ವರ್ಲ್ಡ್', ಅಂದರೆ ಅಮೆರಿಕ, ತನ್ನೆಲ್ಲ ಬಲದೊಂದಿಗೆ ಮುಂದೆ ಬಂದು 'ಓಲ್ಡ್' ಅನ್ನು, ಅಂದರೆ ಯುರೋಪನ್ನು, ಬಿಡಿಸುವವರೆಗೆ. ಲಯ ಬದಲಾದದ್ದು ಯಾಕೆ ಅಂದರೆ ಕೇಳುವವರು ಬದಲಾದರು. 'ವಿ ಶಲ್ ಫೈಟ್' ಇಂಗ್ಲೆಂಡಿನ ಮನೆಗಳಿಗೆ. ಈ ಬಾಲ ಅಟ್ಲಾಂಟಿಕ್ ಆಚೆಯ ಅಮೆರಿಕಕ್ಕೆ. ಆಗ ಅದು ಇನ್ನೂ ಯುದ್ಧದಿಂದ ಹೊರಗಿತ್ತು, ಯುದ್ಧಕ್ಕಿಳಿಯಲು 1941ರ ಡಿಸೆಂಬರ್ ಬರಬೇಕಾಯಿತು.